ಅಷ್ಟಮಿಯ ದೋಣಿ

ನಮ್ಮ ಶಾಲೆಯ ಗಂಡಸರಿಗೆ ಸಮುದ್ರದ ಹುಚ್ಚು ಹಿಡಿಸಿದವಳು ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಅವರನ್ನು ಬೈಯಲು ಅನುಕೂಲವಾಗುತ್ತದೆ. ಶಾಲೆ ಚನ್ನಗಿರಿ ತಾಲೂಕಿನಲ್ಲಿದೆ, ಉಬ್ರಾಣಿ ದಾರಿಯಲ್ಲಿ. ಯಾವುದು ಎಂದು ಹೇಳುವುದಿಲ್ಲ. ನಾನಿನ್ನೂ ಅಲ್ಲೇ ಗಣಿತ ಹೇಳಿಕೊಡುತ್ತಿದ್ದೇನೆ, ನನ್ನ ರಜೆ ಅರ್ಜಿಗೆ ಸಹಿ ಹಾಕುವವರೂ ಇವರೇ.

ಆವತ್ತು ಊಟದ ಹೊತ್ತಿಗೆ ಪಿಟಿ ಮೇಷ್ಟ್ರು ಸಿದ್ದಲಿಂಗೇಶ್ ತಮ್ಮ ಹೊಸ ಗಾಳದ ಕೋಲನ್ನು ಸ್ಟಾಫ್ ರೂಮಿಗೆ ತಂದಿದ್ದರು. ಆನ್‌ಲೈನಿನಲ್ಲಿ ತರಿಸಿದ್ದು, ಮಡಿಸಿದರೆ ಬ್ಯಾಗಿನಲ್ಲಿ ಹಿಡಿಸುತ್ತದೆ. ಚನ್ನಗಿರಿಯ ಅಡಿಕೆ ವ್ಯಾಪಾರದ ಮನೆಯವರು, ಮೊಟ್ಟೆ ಕೂಡ ಮುಟ್ಟುವವರಲ್ಲ. ಆದರೂ ಮೊಬೈಲಿನಲ್ಲಿ ಮೀನು ಹಿಡಿಯುವ ವಿಡಿಯೋ ನೋಡಿ ನೋಡಿ ಅವರ ತಲೆ ಕೆಟ್ಟಿತ್ತು. ಎರಡು ತಿಂಗಳಿಂದ ಸೂಳೆಕೆರೆ ಏರಿಯ ಮೇಲೆ ನಿಂತಿದ್ದರೂ ಒಂದು ಮರಿಮೀನೂ ಬಿದ್ದಿರಲಿಲ್ಲ.

"ಹಿಡಿಯೋದು, ಫೋಟೋ ತೆಗೆಯೋದು, ವಾಪಸ್ ಬಿಡೋದು ಮೇಡಂ. ತಿನ್ನಲ್ಲ ಅಂದ್ಮೇಲೆ ಪಾಪ ಎಲ್ಲಿಂದ ಬರ್ತೈತೆ?" ಎಂದರು. ತುಟಿ ಹರಿದುಕೊಂಡ ಮೀನಿಗೆ ಈ ಲೆಕ್ಕವನ್ನು ಯಾರು ಬಿಡಿಸಿ ಹೇಳಬೇಕೋ ನನಗೆ ತಿಳಿಯಲಿಲ್ಲ.

ನಾನು ಸುಮ್ಮನಿರಬೇಕಿತ್ತು. ಬಾಯಿ ಕೇಳಲಿಲ್ಲ. "ಗಂಟೇ ತಪ್ಪು ಹಾಕಿದೀರಿ ಸರ್, ಬಿದ್ದ ಮೀನೂ ಕಿತ್ಕಂಡು ಹೋಗ್ತೈತೆ" ಎಂದು ದಾರ ಕಿತ್ತುಕೊಂಡು ಕೊಕ್ಕೆಗೆ ಸರಿಯಾಗಿ ಕಟ್ಟಿಕೊಟ್ಟೆ. ಊಟ ಮಾಡುತ್ತಿದ್ದವರೆಲ್ಲ ತಟ್ಟೆಯಿಂದ ಕೈ ತೆಗೆದು ನನ್ನನ್ನೇ ನೋಡಿದರು.

ಹೊನ್ನಾಳಿಯ ಬಳಿ ಹೊಳೆ ದಂಡೆಯ ಊರು ನಮ್ಮದು. ಅಪ್ಪ ಶಿವಮೂರ್ತಪ್ಪ ಈಗ ಭತ್ತ, ಮೆಕ್ಕೆಜೋಳ ಬೆಳೆಯುತ್ತಾನೆ. ನಾನು ಚಿಕ್ಕವಳಿದ್ದಾಗ ತುಂಗಭದ್ರೆಯಲ್ಲಿ ಬಿದಿರಿನ ತೆಪ್ಪ ಹಾಕಿ ಮೀನು ಹಿಡಿಯುತ್ತಿದ್ದ. ಎಂಟು ವರ್ಷದವಳಿದ್ದಾಗಿನಿಂದ ನಾನು ದಿನಾ ಬೆಳಿಗ್ಗೆ ಆ ಗುಂಡನೆ ತೆಪ್ಪದಲ್ಲಿ ಅವನ ಎದುರು ಕುಕ್ಕರಗಾಲಿನಲ್ಲಿ ಕೂತವಳು. "ಹತ್ತೋ ಬೇಗ" ಎನ್ನುತ್ತಿದ್ದ, ಹತ್ತುತ್ತಿದ್ದೆ. "ದಾರ ಸಡಿಲ ಬಿಡೋ" ಎನ್ನುತ್ತಿದ್ದ, ಬಿಡುತ್ತಿದ್ದೆ. ದಡಕ್ಕೆ ಬಂದು ಇಳಿದರೆ ಮಾತ್ರ "ಬಾರೇ", "ಹೋಗೇ". ಮುದ್ದು ಮಾಡುವ ಅಪ್ಪಂದಿರು ಹೆಣ್ಣುಮಕ್ಕಳನ್ನು ಹೀಗೆ ಗಂಡುಹುಡುಗರಂತೆ 'ಲೋ' ಎಂದು ಕರೆಯುವುದುಂಟು, ನಾನು ಅದನ್ನೇ ಜಂಬದಿಂದ ಗೆಳತಿಯರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಹದಿಮೂರಕ್ಕೆ "ಇನ್ನು ಓದ್ಕೋ ಹೋಗೇ" ಎಂದು ತೆಪ್ಪ ಬಿಡಿಸಿದ.

ಅವ್ವ ಸಾವಂತ್ರಮ್ಮ ಒಂದು ದಿನವೂ ತೆಪ್ಪ ಹತ್ತಲಿಲ್ಲ. ಅವಳ ತವರುಮನೆ ಹೊಳೆಯಾಚೆ, ನಮ್ಮ ಹಿತ್ತಲಲ್ಲಿ ನಿಂತರೆ ಅದರ ಹಂಚು ಕಾಣುತ್ತದೆ. ಆದರೂ ಅವಳು ಹೊನ್ನಾಳಿಗೆ ಬಸ್ಸಿನಲ್ಲಿ ಹೋಗಿ, ಸೇತುವೆ ದಾಟಿ, ಇನ್ನೊಂದು ಬಸ್ ಹಿಡಿದು ತವರಿಗೆ ಹೋಗುತ್ತಿದ್ದಳು. ಅವಳಿಗೆ ನೀರು ಕಂಡರೆ ಭಯ ಎಂದು ಅಪ್ಪ ಹೇಳುತ್ತಿದ್ದ, ನಾವೆಲ್ಲ ನಂಬಿದ್ದೆವು.

ಇದಿಷ್ಟನ್ನೂ ಆವತ್ತು ಸ್ಟಾಫ್ ರೂಮಿನಲ್ಲಿ ಒದರಿದೆ. ಹೆಡ್ಮಾಸ್ಟರ್ ಮಹೇಶ್ವರಪ್ಪ ತ್ಯಾವಣಿಗೆಯವರು, ಆರು ಎಕರೆ ತೋಟದವರು. ಅವರು ಕೈ ತೊಳೆಯುತ್ತಾ, "ಹಂಗಾದ್ರೆ ನೀವೇ ಒಂದು ಸಮುದ್ರ ಟ್ರಿಪ್ ಪ್ಲಾನ್ ಮಾಡ್ರಿ ಮೇಡಂ. ಇವೆಲ್ಲ ನಿಮ್ಮೋರಿಗೆ ಗೊತ್ತಿರ್ತೈತಲ್ಲ" ಎಂದರು.

'ನಿಮ್ಮೋರು' ಎಂಬ ಆ ಮಾತಿಗೂ ನನಗೂ ಹದಿನಾಲ್ಕು ವರ್ಷದ ಪರಿಚಯ. ಗಣಿತದಲ್ಲಿ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬಂದಾಗ 'ನಮ್ಮ ಸುಚಿತ್ರಾ ಮೇಡಂ' ಆಗುತ್ತೇನೆ, ಮೀನಿನ ಮಾತು ಬಂದರೆ 'ನಿಮ್ಮೋರು' ಆಗುತ್ತೇನೆ. ಬೇರೆ ದಿನವಾಗಿದ್ದರೆ ತಿರುಗಿ ಹೇಳುತ್ತಿದ್ದೆ. ಆವತ್ತು ನುಂಗಿಕೊಂಡೆ, ಯಾಕೆಂದರೆ ನನಗೆ ಹೋಗಬೇಕಿತ್ತು. ಹೊಳೆಯಲ್ಲಿ ಎಲ್ಲಿ ಕೂತರೂ ಎರಡು ದಡ ಕಾಣುತ್ತಿತ್ತು. ದಡವೇ ಕಾಣದ ನೀರಿನ ಮೇಲೆ ಕೂತು ಗಾಳದ ದಾರ ಬಿಡಬೇಕು ಎಂಬುದು ನನಗೆ ಹತ್ತು ವರ್ಷವಿದ್ದಾಗಿನ ಆಸೆ. ಮುರುಡೇಶ್ವರಕ್ಕೆ ಮೂರು ಸಲ ಪ್ರವಾಸದ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮೂರು ಸಲವೂ ಮಕ್ಕಳ ತಲೆ ಎಣಿಸುವುದರಲ್ಲೇ ಸಮುದ್ರ ಮುಗಿದಿತ್ತು.

ಹದಿನೈದು ದಿನ ನಾನೇ ದುಡಿದೆ. ಮುರುಡೇಶ್ವರದ ಒಬ್ಬ ದೋಣಿಯವನ ನಂಬರು ಹುಡುಕಿದೆ. ಅವನದು ಇಂಜಿನ್ ಕಟ್ಟಿದ ಚಿಕ್ಕ ದೋಣಿ. ಆಳ ಸಮುದ್ರಕ್ಕೆ ಅವನನ್ನು ಬಿಟ್ಟು ಐದು ಜನ, ಆರನೆಯವರು ದೇವರೇ ಆದರೂ ಹತ್ತಿಸುವುದಿಲ್ಲ ಎಂದ. ಪ್ರತಿಯೊಬ್ಬರ ಹೆಸರು, ವಯಸ್ಸು, ತೂಕ ಬೇಕು ಎಂದ. ಯಾಕೆ ಎಂದರೆ, ದಪ್ಪಗಿನವರೆಲ್ಲ ಒಂದೇ ಕಡೆ ಕೂತರೆ ದೋಣಿ ವಾಲುತ್ತದೆ ಎಂದ. ಹೆಡ್ಮಾಸ್ಟರ ತೂಕ ಕೇಳಿ ಬರೆದುಕೊಂಡ ದಿನ ನನಗೆ ಒಳಗೊಳಗೇ ಬಹಳ ಖುಷಿಯಾಯಿತು. ಬೆಳಿಗ್ಗೆ ಮೊಸರನ್ನ ತಿನ್ನಬಾರದು, ವಾಂತಿ ಮಾತ್ರೆ ಅರ್ಧ ಗಂಟೆ ಮೊದಲೇ ನುಂಗಬೇಕು, ಚಪ್ಪಲಿ ದಡದಲ್ಲೇ ಬಿಡಬೇಕು, ಲೈಫ್ ಜಾಕೆಟ್ ಬಿಚ್ಚಿದವರನ್ನು ವಾಪಸ್ ಕರೆತರುತ್ತಾನೆ. ಎಲ್ಲವನ್ನೂ ಬರೆದು ವಾಟ್ಸಾಪ್ ಗುಂಪಿಗೆ ಹಾಕಿದೆ. ಹಿಡಿದು ಬಿಡುವ ವಿಷಯ ಹೇಳಿದಾಗ ಮಾತ್ರ ಅವನು, "ಬಾಯಿ ಹರಿದು ಬಿಡುದಾ? ನಿಮ್ಮ ಕಡೆ ಉಣ್ಣುಕೆ ಏನೂ ಸಿಗುದಿಲ್ವಾ ಅಕ್ಕೋರೆ?" ಎಂದು ಕೇಳಿದ.

ಹೊರಡುವವರು ನಾಲ್ವರು ಗಂಡಸರು: ಹೆಡ್ಮಾಸ್ಟರ್, ಸಿದ್ದಲಿಂಗೇಶ್, ಗುಮಾಸ್ತ ರಮೇಶ್, ಸಮಾಜ ವಿಜ್ಞಾನದ ಓಂಕಾರ್. ಐದನೆಯವಳು ನಾನು. ಕೈಯಲ್ಲಿ ದಾರ ಬಿಡುವುದನ್ನು ಕಲಿಯಲಿ ಎಂದು ಒಂದು ಭಾನುವಾರ ಆ ನಾಲ್ವರನ್ನೂ ನಾನೇ ಅಪ್ಪನ ಹತ್ತಿರ ಕಳಿಸಿದೆ. ಅಪ್ಪ ಹೊಳೆ ದಂಡೆಯಲ್ಲಿ ಕಲಿಸಿದ, ಅವ್ವ ಮಂಡಕ್ಕಿ ಮೆಣಸಿನಕಾಯಿ ಕೊಟ್ಟಳು. ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡದ್ದು ಆವತ್ತು.

ಸೋಮವಾರ ಗುಂಪಿನಲ್ಲಿ ಹೆಡ್ಮಾಸ್ಟರ ಪಟ್ಟಿ ಬಂತು. ದಿನಾಂಕ: ಬರುವ ಅಮಾವಾಸ್ಯೆ, ಭಾನುವಾರ. ದೋಣಿಗೆ ಐದು ಹೆಸರು. ಐದನೆಯದು ನನ್ನದಲ್ಲ, ಸಿದ್ದಲಿಂಗೇಶ್ ಅವರ ಬಾಮೈದನದು. ನಾನು ಕಣ್ಣಲ್ಲೂ ನೋಡಿರದ ಮನುಷ್ಯ. ಕೆಳಗೆ ಇನ್ನೊಂದು ಸಾಲು: 'ಸುಚಿತ್ರಾ ಮೇಡಂ, ಉಷಾರಾಣಿ ಮೇಡಂ: ದೇವರ ದರ್ಶನ ಹಾಗೂ ಊಟದ ಉಸ್ತುವಾರಿ.'

ಉಷಾರಾಣಿ ಕನ್ನಡದ ಟೀಚರು, ಜಗಳೂರಿನವಳು. "ನಂಗೆ ಕೇಳದಲೇ ನನ್ನ ಹೆಸ್ರು ಯಾಕೆ ಹಾಕಿದಾರೆ? ಇವ್ರ ಊಟದ ಉಸ್ತುವಾರಿ ಮಾಡಾಕೆ ನಾನು ಅಷ್ಟು ದೂರ ಹೋಗ್ಬೇಕಾ?" ಎಂದು ನನ್ನ ಮೇಲೆಯೇ ರೇಗಿದಳು. ನಾನು ಮೊಬೈಲು ಹಿಡಿದುಕೊಂಡು ನೇರವಾಗಿ ಸ್ಟಾಫ್ ರೂಮಿಗೆ ನುಗ್ಗಿದೆ.

"ಸರ್, ನನ್ನ ಸೀಟು ಎಲ್ಲಿ?"

ಹೆಡ್ಮಾಸ್ಟರ್ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಗಂಡಸರ ಮಧ್ಯೆ ಆ ಸಣ್ಣ ದೋಣಿಯಾಗೆ ಏಳೆಂಟು ತಾಸು ಹೆಂಗೆ ಕೂತ್ಕಂತೀರಿ ಮೇಡಂ? ನಿಮಗೇ ಮುಜುಗರ ಆಗ್ತೈತೆ ಅಂತ."

"ನನ್ನ ಮುಜುಗರ ನಾನು ನೋಡ್ಕಂತೀನಿ. ನಿಮ್ಮ ತೂಕ ಕೇಳಿ ಬರ್ಕಂಡೋಳು ನಾನು. ಆವಾಗ ಆಗದೇ ಇರೋ ಮುಜುಗರ ಈಗ ಯಾಕೆ?"

ರಮೇಶ್ ಕಿಸಕ್ಕನೆ ನಕ್ಕು, ಹೆಡ್ಮಾಸ್ಟರ ಮುಖ ನೋಡಿ ನಗು ನುಂಗಿದ. ಸಿದ್ದಲಿಂಗೇಶ್ ಮಧ್ಯೆ ಬಾಯಿ ಹಾಕಿದರು. "ಬೇಜಾರು ಮಾಡ್ಕಬ್ಯಾಡ್ರಿ ಮೇಡಂ. ಹೆಣ್ಣುಮಕ್ಕಳು ದೋಣಿ ಹತ್ತಿದ್ರೆ ಮೀನು ಬೀಳಲ್ವಂತೆ. ಇದು ನೀರಿನೋರ ಪದ್ಧತಿ, ನಾವು ಮಾಡಿದ್ದಲ್ಲ."

ಅಡಿಕೆ ಮೂಟೆ ಬಿಟ್ಟು ಬೇರೇನೂ ನೋಡದ ಮನೆಯ ಈ ಮನುಷ್ಯ ನನಗೆ ನೀರಿನವರ ಪದ್ಧತಿ ಹೇಳಿಕೊಡುತ್ತಿದ್ದಾನಲ್ಲ ಎಂದು ಮೈಯೆಲ್ಲ ಉರಿಯಿತು. ಅಲ್ಲೇ ದೋಣಿಯವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಹೆಂಗಸರು ಹತ್ತಿದರೆ ಮೀನು ಬೀಳುವುದಿಲ್ಲವಂತೆ, ಹೌದೇ ಎಂದು ಕೇಳಿದೆ.

"ಯಾರು ಹೇಳಿದ್ದು? ನನ್ನ ದೋಣಿಗೆ ಇಟ್ಟಿದ್ದೇ ನಮ್ಮ ಅವ್ವಿ ಹೆಸರು" ಎಂದು ಅವನು ನಕ್ಕ. "ನೀವು ಬನ್ನಿ ಅಕ್ಕೋರೆ. ಯಾವ ದಿನ ಅದು ಹೇಳಿ."

"ಅಮಾವಾಸ್ಯೆ, ಭಾನುವಾರ."

ನಗು ನಿಂತಿತು. "ಅಮಾಸಿ ದಿನ ನಾನು ಬರುದಿಲ್ಲ. ಅವತ್ತು ಉಬ್ಬರ ಇಳಿತ ಎಲ್ಲ ಜೋರು, ನೀರಿನ ಸೆಳೆತ ಹೆಚ್ಚಿರ್ತದೆ. ಗಾಳ ತಳ ಮುಟ್ಟುದೇ ಇಲ್ಲ, ಹೊಸಬರಿಗೆ ತಲೆ ಎತ್ತುಕೂ ಆಗುದಿಲ್ಲ. ಅದರ ಮುಂದಿನ ಭಾನುವಾರ ಅಷ್ಟಮಿ ಹಿಡೀತದಲ್ಲ, ಅವತ್ತು ನೀರು ಸುಮ್ನೆ ಮಲಗಿರ್ತದೆ. ಅವತ್ತು ಬನ್ನಿ."

ಹೆಡ್ಮಾಸ್ಟರ್ ಈಗ ತಲೆ ಎತ್ತಿದರು. ನಮ್ಮ ಕಡೆ ಅಮಾವಾಸ್ಯೆ ದಿನ ಎತ್ತು ಹೂಡುವುದಿಲ್ಲ, ಅಡಿಕೆ ಕೊನೆ ಇಳಿಸುವವರೂ ಬರುವುದಿಲ್ಲ. ತೋಟದವರಿಗೆ ಕೈ ಖಾಲಿ ಇರುವ ದಿನ ಅದೊಂದೇ, ಅದಕ್ಕೇ ಅದನ್ನು ಆರಿಸಿದ್ದರು. ಸಮುದ್ರವೂ ಆವತ್ತು ರಜೆ ಹಾಕುತ್ತದೆ ಎಂದುಕೊಂಡಿದ್ದರೋ ಏನೋ. ಇನ್ನು ಅಷ್ಟಮಿ, ನವಮಿ ಎಂದರೆ ಅವರ ಮನೆಯಲ್ಲಿ ಯಾರೂ ಊರು ಬಿಟ್ಟು ಹೊರಡುವುದಿಲ್ಲ.

"ಅಷ್ಟಮಿ ದಿನ ಪ್ರಯಾಣಾನಾ? ಅದೂ ನೀರಿನ ಮೇಲೆ? ನಮ್ಮನೆಯಾಗೆ ಗೊತ್ತಾದ್ರೆ ಒಳಗೆ ಸೇರ್ಸಲ್ಲ. ಅಮಾಸೆ ಅಂದ್ಮೇಲೆ ಅಮಾಸೆ. ಈ ಮನುಷ್ಯ ಆಗ್ದಿದ್ರೆ ಇನ್ನೊಬ್ಬನ್ನ ನೋಡ್ರಿ ಸಿದ್ದಲಿಂಗೇಶ್."

"ನೋಡೋಣ ಸರ್" ಎಂದ ಸಿದ್ದಲಿಂಗೇಶ್ ನನ್ನ ಕಡೆ ತಿರುಗಿದರು. ನಾಲ್ಕು ಜನರೆದುರು ಮರ್ಯಾದೆ ಹೋದ ಸಿಟ್ಟು ಮುಖದಲ್ಲಿ ಕಾಣುತ್ತಿತ್ತು. "ಮೇಡಂ, ಒಂದು ಮಾತು. ಹೆಣ್ಣುಮಕ್ಕಳು ಹತ್ತಬಾರದು ಅಂತ ನಮಗೆ ಹೇಳಿದ್ದು ದಾರೀಲಿ ಹೋಗೋರಲ್ಲ. ನಿಮ್ಮಪ್ಪಾರೇ. ಬೇಕಾದ್ರೆ ಸ್ಪೀಕರ್ ಹಾಕಿ ಅವರನ್ನೇ ಕೇಳ್ರಿ."

ಓಂಕಾರ್ ನೆಲ ನೋಡಿದ. ರಮೇಶ್ ಹೌದು ಎಂಬಂತೆ ಕತ್ತು ಆಡಿಸಿದ. ನಾನು ಫೋನ್ ಕಟ್ ಮಾಡಿ ಬಾಗಿಲ ಕಡೆ ತಿರುಗಿದೆ. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯಲ್ಲಿ ನಾನು ಉತ್ತರ ಕೊಡದೆ ಹೊರಗೆ ಬಂದದ್ದು ಅದೇ ಮೊದಲು.

ಶನಿವಾರ ಬೆಳಗಿನ ಶಾಲೆ ಮುಗಿಸಿ ಚನ್ನಗಿರಿಯಲ್ಲಿ ಹೊನ್ನಾಳಿ ಬಸ್ ಹತ್ತಿದೆ. ಕಿಟಕಿ ಪಕ್ಕ ಕೂತು ಗುಂಪಿಗೆ ಕೊನೆಯದಾಗಿ ಒಂದು ಸಂದೇಶ ಬರೆದೆ: 'ಅಮಾವಾಸ್ಯೆ ದಿನ ಸೆಳೆತ ಹೆಚ್ಚು, ಬೇರೆ ಯಾವ ದೋಣಿಯನ್ನೂ ಹಿಡಿಯಬೇಡಿ. ನಿಮ್ಮ ಮನೆಯವರಿಗೆ ಉತ್ತರ ಹೇಳಲು ನನ್ನಿಂದಾಗದು.' ಅವರ ಮೇಲೆ ಎಷ್ಟು ಸಿಟ್ಟಿದ್ದರೂ ಅದನ್ನು ಬರೆಯದೆ ಇರಲಾಗಲಿಲ್ಲ. ಬರೆದು ಗುಂಪಿನಿಂದ ಹೊರಬಿದ್ದೆ.

ಅಪ್ಪ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದ. ಹಳೆಯ ತೆಪ್ಪ ಕೊಟ್ಟಿಗೆ ಪಕ್ಕ ಬೋರಲು ಬಿದ್ದಿತ್ತು, ಅದರ ಬೆನ್ನಿನ ಮೇಲೆ ಬಟ್ಟೆ ಹಾಸಿ ಅವ್ವ ಸಂಡಿಗೆ ಇಡುತ್ತಿದ್ದಳು. ನಾನು ಚಪ್ಪಲಿ ಕೂಡ ಬಿಡಲಿಲ್ಲ.

"ಅಪ್ಪಾ, ಹೆಂಗಸ್ರು ಹತ್ತಿದ್ರೆ ಮೀನು ಬೀಳಲ್ಲ ಅಂತ ನಮ್ಮ ಮೇಷ್ಟ್ರಿಗೆ ಹೇಳಿದ್ಯಾ?"

"ಹೇಳ್ದೆ. ಅದ್ರಾಗೇನೈತೆ? ಇರೋದು ಹೇಳ್ದೆ" ಎಂದ, ಕೈ ನಿಲ್ಲಿಸದೆ.

"ಹಂಗಾದ್ರೆ ನಾನು? ಐದು ವರ್ಷ ದಿನಾ ನಿನ್ನ ತೆಪ್ಪದಾಗೆ ಕೂತಿರ್ಲಿಲ್ವಾ? ಮೀನು ಬೀಳ್ಲಿಲ್ವಾ?"

ಅಪ್ಪ ನಕ್ಕ. ದಡ್ಡ ಮಗುವಿಗೆ ಲೆಕ್ಕ ಹೇಳಿಕೊಡುವಾಗ ನಾನು ನಗುತ್ತೇನಲ್ಲ, ಹಾಗೆ. "ನಿನ್ನ ಹೆಣ್ಣು ಅಂತ ಯಾವತ್ತು ಹತ್ತಿಸ್ಕಂಡೆ? ನೆಪ್ಪಿಲ್ವಾ? ಹತ್ತೋ, ಕೂರೋ, ಬಿಡೋ ಅಂತಿದ್ದೆ. ಹೊಳೆಯಾಗೆ ಗಂಗವ್ವ ಕೇಳಿಸ್ಕಂತಿರ್ತಾಳೆ. ಶಿವಮೂರ್ತಿ ಮಗನ್ನ ಕರ್ಕಂಡು ಬಂದಾನೆ ಅಂದ್ಕಳ್ಳಲಿ ಅಂತ. ನೀನು ದೊಡ್ಡೋಳಾದ್ಮೇಲೆ ಆ ಆಟ ನಡೀತಿರ್ಲಿಲ್ಲ, ಅದಕ್ಕೇ ಬಿಡಿಸ್ದೆ."

ನಾನು ಅಂಗಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಮುದ್ದು ಎಂದುಕೊಂಡು ಮೂವತ್ತು ವರ್ಷ ಜೋಪಾನ ಮಾಡಿದ್ದ ಮಾತು ಅದು. ಎಲ್ಲರಿಗೂ ಹೇಳಿಕೊಂಡಿದ್ದೆ. ನನ್ನ ಅಪ್ಪ ಬೇರೆ ಅಪ್ಪಂದಿರ ಹಾಗಲ್ಲ ಎಂದು ಬೀಗಿದ್ದೆ. ಅವನು ಹೊಳೆಗೆ ಟೋಪಿ ಹಾಕುತ್ತಿದ್ದನಂತೆ, ನನ್ನನ್ನು ಮುಂದಿಟ್ಟುಕೊಂಡು. ಸಿದ್ದಲಿಂಗೇಶ್ ಮೇಲೆ ಬಂದಿದ್ದ ಸಿಟ್ಟು ಏನೇನೂ ಅಲ್ಲ ಎನಿಸುವಷ್ಟು ಸಿಟ್ಟು ಬಂತು, ಅದರ ಜೊತೆಗೇ ಅಳುವೂ ಬಂತು. ಅಳಬಾರದು ಎಂದು ಹಲ್ಲು ಕಚ್ಚಿದೆ.

ಆಗ ತೆಪ್ಪದ ಆಚೆಯಿಂದ ಅವ್ವ ಮಾತಾಡಿದಳು. ಸಂಡಿಗೆ ಇಡುವ ಕೈ ನಿಂತಿತ್ತು.

"ಅಷ್ಟೇನಾ? ಲೋ ಅಂದಿದ್ರೆ ಆಗ್ತಿತ್ತಾ?"

ಅಪ್ಪ ತಿರುಗಿದ. "ಏನೇ?"

"ನನಗೂ ಒಂದು ಸಲ ಲೋ ಅಂದು ಹತ್ತಿಸ್ಕಂಡಿದ್ರೆ ಏನಾಗ್ತಿತ್ತು ರೀ? ನಮ್ಮಪ್ಪ ಹಾಸಿಗೆ ಹಿಡಿದಾಗ ಆಚೆ ದಡದಾಗೆ ನಮ್ಮಣ್ಣ ನಿಂತು ಕೂಗಿದ್ದು ನನಗೆ ಇಲ್ಲಿ ಕೇಳ್ತಿತ್ತು. ನಾನು ಎರಡು ಬಸ್ ಹತ್ತಿ ಇಳಿದು ಹೋಗೋ ಹೊತ್ತಿಗೆ ಮುಗಿದಿತ್ತು."

"ನಿನಗೆ ನೀರು ಅಂದ್ರೆ ಭಯ..."

"ಭಯ ಅಂತ ನೀವು ಹೇಳಿದ್ರಿ. ನನ್ನ ಯಾರು ಕೇಳಿದ್ರು?"

ಕೋಳಿಯೊಂದು ಬಂದು ಮೆಕ್ಕೆಜೋಳಕ್ಕೆ ಬಾಯಿ ಹಾಕಿತು, ಅಪ್ಪ ಅದನ್ನು ಓಡಿಸಲಿಲ್ಲ. ನಾನು ಮೊಬೈಲು ತೆಗೆದು ದೋಣಿಯವನಿಗೆ ಹಚ್ಚಿದೆ.

"ಅಷ್ಟಮಿ ಭಾನುವಾರ ನನ್ನ ಹೆಸರಿಗೆ ಬರ್ಕೊಳಿ. ಗಂಡಸರು ಬರಲ್ಲ. ಸುಚಿತ್ರಾ, ಐವತ್ತೆಂಟು ಕೆಜಿ. ಮಿಕ್ಕವರದ್ದು ಈಗಲೇ ಹೇಳ್ತೀನಿ, ಲೈನಲ್ಲಿರಿ" ಎಂದು ಅವನನ್ನು ಕಾಯಿಸಿ, ಉಷಾರಾಣಿಗೆ ಫೋನು ಮಾಡಿದೆ. ಊಟದ ಉಸ್ತುವಾರಿ ಇಲ್ಲ ತಾನೇ ಎಂದು ಎರಡು ಸಲ ಕೇಳಿ ಒಪ್ಪಿದಳು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅಂಜಮ್ಮ ಅವಳ ಪಕ್ಕದಲ್ಲೇ ಇದ್ದಳಂತೆ. "ನನ್ನೂ ಹಾಕ್ರವ್ವ. ಇಷ್ಟು ವರ್ಷ ಅವರ ಸಾರಿಗೆ ಉಪ್ಪು ಹಾಕಿ ಸಾಕಾಗೈತೆ, ಉಪ್ಪುನೀರಾದ್ರೂ ನೋಡ್ತೀನಿ" ಎಂದು ಆಚೆಯಿಂದ ಕೂಗಿದಳು. ತೂಕ ಮಾತ್ರ ಹೇಳಲು ಒಪ್ಪಲಿಲ್ಲ, ಉಷಾರಾಣಿ ಅಂದಾಜಿನ ಮೇಲೆ ಹೇಳಿದ್ದಕ್ಕೆ ಅಲ್ಲೇ ಜಗಳ ಶುರುವಾಯಿತು.

ನಾನು ಅವ್ವನ ಕಡೆ ನೋಡಿದೆ. ಅವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. "ಸಾವಂತ್ರಮ್ಮ ಅಂತ ಬರ್ಸು" ಎಂದಳು. "ತೂಕ ಗೊತ್ತಿಲ್ಲ. ಅಕ್ಕಿ ಮೂಟೆಗಿಂತ ಕಮ್ಮಿ."

ನಾಲ್ಕು ಹೆಸರಾಯಿತು. ಅಪ್ಪ ಇಷ್ಟು ಹೊತ್ತೂ ಅಲ್ಲೇ ಸುಳಿದಾಡುತ್ತಿದ್ದ. ಮೊದಲು ಅಷ್ಟಮಿ ಒಳ್ಳೆಯದಲ್ಲ ಎಂದ. ಆಮೇಲೆ ಹೆಂಗಸರಷ್ಟೇ ಅಷ್ಟು ದೂರ ಹೋಗುವುದು ಸರಿಯಲ್ಲ ಎಂದ. ಆಮೇಲೆ ನೀರು ಎಷ್ಟು ಆಳವಂತೆ ಎಂದು ಕೇಳಿದ. ಇಪ್ಪತ್ತು ಮಾರು ಎಂದೆ. ತನ್ನ ಎರಡು ಕೈಗಳನ್ನೂ ಅಗಲಿಸಿ ಒಂದು ಮಾರು ಎಷ್ಟು ಎಂದು ನೋಡಿಕೊಂಡ. ನಮ್ಮ ಹೊಳೆಯ ಮಡುವಿನಲ್ಲಿ ಅವನು ಬಿಟ್ಟ ದಾರ ನಾಲ್ಕು ಮಾರು ದಾಟಿದ್ದೇ ಇಲ್ಲ.

"ಅಷ್ಟು ಆಳಕ್ಕೆ ದಾರ ಬಿಡಾಕೆ ನಿಮಗೆ ಯಾರಿಗೆ ಬರ್ತೈತೆ? ಇನ್ನೊಂದು ಸೀಟು ಖಾಲಿ ಐತಲ್ಲ" ಎಂದ. ನನ್ನ ಮುಖ ನೋಡದೆ ಕಾಲಿನಿಂದ ಜೋಳ ಸರಿಸುತ್ತಿದ್ದ. ಅರವತ್ತೆಂಟು ವರ್ಷದ ಅಪ್ಪ ಏನನ್ನಾದರೂ ಹೀಗೆ ಕೇಳಿದ್ದನ್ನು ನಾನು ನೋಡಿರಲಿಲ್ಲ. ಆದರೂ ನನಗೆ ಕರುಣೆ ಬರಲಿಲ್ಲ.

"ಐತೆ. ಆದ್ರೆ ಇದು ಹೆಂಗಸರ ದೋಣಿ. ಗಂಡಸು ಹತ್ತಿದ್ರೆ ಮೀನು ಬೀಳಲ್ಲ."

ಅಪ್ಪ ಅವ್ವನ ಮುಖ ನೋಡಿದ. ಮದುವೆಯಾದ ದಿನದಿಂದ ಅವನಿಗೆ 'ರೀ' ಬಿಟ್ಟು ಮಾತಾಡದವಳು ಅವಳು. ಬೋರಲು ಬಿದ್ದ ತೆಪ್ಪದ ಬೆನ್ನ ಮೇಲೆ ಒಂದು ಕೈ ಊರಿ ನೆಟ್ಟಗೆ ನಿಂತಳು.

"ಅದಕ್ಕೇನಂತೆ" ಎಂದಳು. "ಬರೋದಾದ್ರೆ ಹತ್ತೇ."

ದೋಣಿಯವನು ಐದನೆಯವರು ಯಾರು ಎಂದು ಕೇಳುತ್ತಿದ್ದ. ಅಪ್ಪ ತಲೆ ತಗ್ಗಿಸಿ, ನನಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ತನ್ನ ತೂಕ ಹೇಳಿದ.